ಕೈ ಮಾಡದೆ ನಾನೂರು ಕಿಲೋಮೀಟರು

ಗುದ್ದಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹಗಲೆಲ್ಲ ಗ್ಯಾರೇಜಿನಲ್ಲಿ ಕಾರುಗಳ ಮೈಗೆ ಬಿದ್ದ ಗುದ್ದು ತೆಗೆಯುವುದು ಅವನ ಕಸುಬು. ಸಂಜೆ ಬೀದಿಗಿಳಿದ ಮೇಲೆ ಮನುಷ್ಯರ ಮೈಗೆ ಗುದ್ದು ಹಾಕುವುದು ಅವನ ಹವ್ಯಾಸ. ಹೀಗಾಗಿ ಊರಿನ ಒಟ್ಟು ಗುದ್ದುಗಳ ಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಮೂವತ್ತೈದು ವರ್ಷ ಒಂದೇ ಸಮ ಇತ್ತು. ಒಮ್ಮೆ ಅವನು ಕೊಟ್ಟ ಏಟಿಗೆ ಒಬ್ಬನ ಹಲ್ಲು ಹಾರಿ ಮೂರು ಬೀದಿ ಆಚೆ ಹಲ್ಲಿನ ಡಾಕ್ಟರ ಮೇಜಿನ ಮೇಲೇ ಬಿತ್ತಂತೆ. ಹಲ್ಲು ಮೊದಲು ಹೋಗಿ ಚೀಟಿ ಮಾಡಿಸಿತು, ಬಾಯಿ ಆಮೇಲೆ ಬಂತು ಎಂದು ಆ ಬೀದಿಯವರು ಈಗಲೂ ಹೇಳುತ್ತಾರೆ.

ಕಸುಬಿನಲ್ಲಿ ಮಾತ್ರ ಅವನಿಗೆ ಸಾಟಿ ಇರಲಿಲ್ಲ. ಕಣ್ಣು ಮುಚ್ಚಿ, ಅಂಗೈಯನ್ನು ಹಗುರವಾಗಿ ಕಾರಿನ ಮೈಮೇಲೆ ಜಾರಿಸುತ್ತಾ ಹೋದರೆ ಸಾಕು, ಕೂದಲೆಳೆಯಷ್ಟು ತಗ್ಗು ಉಬ್ಬು ಇದ್ದರೂ ಕೈ ಅಲ್ಲೇ ನಿಲ್ಲುತ್ತಿತ್ತು. ಎಂದೋ ಎಲ್ಲೋ ಆದ ಗುದ್ದನ್ನು ಯಾರೋ ಮೆತ್ತಿ ಬಣ್ಣ ಬಳಿದು ಮುಚ್ಚಿದ್ದರೂ ಅವನ ಅಂಗೈಗೆ ಗೊತ್ತಾಗುತ್ತಿತ್ತು.

ಅದೇ ಕೈ ಹನ್ನೊಂದು ವರ್ಷದ ಹಿಂದೆ ಮಾಡಬಾರದ್ದನ್ನು ಮಾಡಿತು. ಅಕ್ಕನ ಗಂಡ, ಅಂದರೆ ಭಾವ, ವಾಚ್ ರಿಪೇರಿಯವನು. ಗ್ಯಾರೇಜಿಗೆ ಬಂದವನು ಗುದ್ದಣ್ಣ ಆಗ ತಾನೇ ಮುಗಿಸಿದ್ದ ಬಾನೆಟ್ಟನ್ನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಏನಯ್ಯಾ ಇದು, ಕೆರೆಯಲ್ಲಿ ಗಾಳಿ ಬೀಸಿದ ಹಾಗಿದೆ" ಅಂದ. ತಮಾಷೆಗೆ ಅಂದದ್ದು. ಗುದ್ದಣ್ಣನ ಕೈಯಲ್ಲಿ ತಗಡು ಬಡಿಯುವ ಮರದ ಕೊಡತಿ ಇತ್ತು. ಭಾವನ ಬಲಗೈ ಮೊಣಕೈಯ ಕೆಳಗೆ ಎರಡು ಕಡೆ ಮುರಿಯಿತು. ಮೂಳೆ ಕೂಡಿದ್ದು ಸೊಟ್ಟಗೆ. ಮರಳಿನ ಕಣದಂಥ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಬೆರಳುಗಳು ಆಮೇಲೆ ಚಮಚ ಹಿಡಿದರೂ ನಡುಗುತ್ತಿದ್ದವು. ಗಂಡ ಹೆಂಡತಿ ಊರು ಬಿಟ್ಟರು, ದೇಶವನ್ನೇ ಬಿಟ್ಟರು. ಭಾವ ಅಲ್ಲೆಲ್ಲೋ ಬೆಟ್ಟದ ಮೇಲಿನ ಊರಲ್ಲಿ ಎಡಗೈಯಲ್ಲಿ ದೊಡ್ಡ ಗೋಡೆ ಗಡಿಯಾರಗಳನ್ನಷ್ಟೇ ರಿಪೇರಿ ಮಾಡುತ್ತಾನೆ ಎಂಬ ಸುದ್ದಿ ಬಂತು. ಅಕ್ಕನ ಕಡೆಯಿಂದ ಮಾತ್ರ ಒಂದು ಅಕ್ಷರವೂ ಬರಲಿಲ್ಲ. ಗುದ್ದಣ್ಣ ಎಷ್ಟು ಕಾಗದ ಬರೆದನೆಂದರೆ ಆ ಊರಿನ ಅಂಚೆಯವನಿಗೆ ಅವನ ಕ್ಷಮಾಪಣೆ ಬಾಯಿಪಾಠವಾಗಿತ್ತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದಳು.

"ಬಾ ಅಂತ ನಿಮ್ಮ ಭಾವ ಹೇಳ್ತಿದ್ದಾರೆ, ನಾನಲ್ಲ. ಕೇಳಿಸ್ಕೋ. ನಿನ್ನ ಮನೆ ಬಾಗಿಲಿಂದ ನನ್ನ ಮನೆ ಬಾಗಿಲವರೆಗೆ ಯಾರ ಮೇಲೂ ಕೈ ಮಾಡಕೂಡದು. ಮಾಡಿದ್ಯೋ, ಹೊಸ್ತಿಲಲ್ಲೇ ತಿರುಗಿಸಿ ಕಳಿಸ್ತೀನಿ. ಮತ್ತೆ ಕರೆಯಲ್ಲ. ನಿನ್ನನ್ನ ಕೇಳಲ್ಲ ನಾನು, ನಿನ್ನ ಹೆಂಡ್ತಿನ ಕೇಳ್ತೀನಿ."

ಹೆಂಡತಿಯನ್ನು ಕೇಳುತ್ತೇನೆ ಎಂದದ್ದರಲ್ಲಿ ಅರ್ಥವಿತ್ತು. ಅವಳು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಈ ತುದಿಯವರು ಹೇಳಿದ್ದನ್ನು ಆ ತುದಿಯವರಿಗೆ ಒಂದು ಒತ್ತಕ್ಷರವೂ ಬೀಳದಂತೆ ಮುಟ್ಟಿಸುವುದು ಅವಳ ಕೆಲಸ. ನಾಲ್ಕು ಭಾಷೆ ಬರುತ್ತಿತ್ತು, ನಾಲ್ಕರಲ್ಲೂ ಸುಳ್ಳು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗುದ್ದಣ್ಣ, "ನಾನು ಚೆನ್ನಾಗಿದೀನಾ?" ಎಂದು ಕೇಳಿ ಮೂರು ದಿನ ಊಟ ಬಿಟ್ಟಿದ್ದ.

ಪ್ರಯಾಣದ ಮೊದಲ ಪರೀಕ್ಷೆ ವಿಮಾನದಲ್ಲೇ ಆಯಿತು. ಮುಂದಿನ ಸೀಟಿನವನು ಸೀಟನ್ನು ಹಿಂದಕ್ಕೆ ಒರಗಿಸಿ ಗುದ್ದಣ್ಣನ ಮೊಣಕಾಲಿನ ಮೇಲೆ ತಲೆ ಇಟ್ಟವನಂತೆ ಮಲಗಿದ. ಗುದ್ದಣ್ಣ ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಒಂಬತ್ತು ಗಂಟೆ ಕೂತ. ಇಳಿಯುವಾಗ ಕೈಗಳು ದೋಸೆಯ ಹಾಗೆ ಚಪ್ಪಟೆಯಾಗಿದ್ದವು. ಹೆಂಡತಿ ನೋಡಿ ಒಮ್ಮೆ ತಲೆಯಾಡಿಸಿದಳು. ಅವನ ಕೈ ಏಳುವ ಸೂಚನೆ ಕಂಡರೆ ಕೆಮ್ಮುವುದು ಎಂದು ಇಬ್ಬರಲ್ಲೂ ಒಪ್ಪಂದವಾಗಿತ್ತು. ವಿಮಾನದಲ್ಲಿ ಅವಳು ಕೆಮ್ಮಿದ ಕೆಮ್ಮಿಗೆ ಪರಿಚಾರಿಕೆ ಎರಡು ಸಲ ಔಷಧಿ ತಂದುಕೊಟ್ಟಳು.

ಅಕ್ಕನ ಊರಿಗೆ ಅಲ್ಲಿಂದ ನಾನೂರು ಕಿಲೋಮೀಟರು. ಬಸ್ಸು ಬೆಟ್ಟದ ಬುಡದವರೆಗೆ ಮಾತ್ರ. ಹೊಗೆ ಬಿಡುವ ಯಾವ ಗಾಡಿಯನ್ನೂ ಆ ಊರು ಮೇಲಕ್ಕೆ ಬಿಡುವುದಿಲ್ಲವಂತೆ. ಆದ್ದರಿಂದ ಕರೆಂಟಿನ ಕಾರೇ ಬೇಕು. ವಿಮಾನ ನಿಲ್ದಾಣದ ಹಿಂದಿನ ಅಂಗಳದಲ್ಲಿ ಅಂಥ ಕಾರುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಹಣೆಯ ಮೇಲೂ ಒಂದು ಹಸಿರು ಎಲೆಯ ಚಿತ್ರ. ಕೌಂಟರಿನವನು ಇಸ್ತ್ರಿ ಮಾಡಿದ ನಗು ಹೊತ್ತುಕೊಂಡು ಬಂದು ಒಂದು ಬಿಳಿ ಕಾರು ತೋರಿಸಿ, ಕಾಗದ ಮುಂದೆ ಹಿಡಿದ. 'ಕಾರಿನ ಮೈಮೇಲೆ ಈಗ ಯಾವ ಗುದ್ದೂ ಇಲ್ಲ' ಎಂದು ಅದರಲ್ಲಿ ಬರೆದಿತ್ತು. ಸಹಿ ಮಾಡಬೇಕಿತ್ತು.

ಗುದ್ದಣ್ಣ ಸಹಿ ಮಾಡುವ ಬದಲು ಕಣ್ಣು ಮುಚ್ಚಿದ. ಅಂಗೈ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು.

"ಮೂರಿದೆ," ಅಂದ. "ಹಿಂದಿನ ಮಡ್‌ಗಾರ್ಡಲ್ಲಿ ಒಂದು, ಕಂಬಕ್ಕೆ ತಾಗಿದ್ದು. ಟಾಪಲ್ಲಿ ಒಂದು, ಮೇಲಿಂದ ಏನೋ ಬಿದ್ದಿದೆ. ಎಡಗಡೆ ಮುಂದಿನ ಬಾಗಿಲಲ್ಲಿ ಒಂದು, ಯಾರೋ ಒದ್ದಿದಾರೆ, ಬಲಗಾಲಲ್ಲಿ. ಮೆತ್ತಿ ಮುಚ್ಚಿದಾರೆ. ಹೇಳು ಅವನಿಗೆ, ಈ ಕೆಲಸ ಮಾಡಿದವನು ಕತ್ತೆ ಅಂತ."

ಹೆಂಡತಿ ಇಂಗ್ಲಿಷಿನಲ್ಲಿ ಹೇಳಿದಳು. ಕತ್ತೆಯನ್ನೂ ಹೇಳಿದಳು.

ಕೌಂಟರಿನವನ ನಗುವಿನ ಇಸ್ತ್ರಿ ಕೆಟ್ಟಿತು. ಅವನೂ ಏನೋ ಅಂದ.

"ಏನಂತೆ?"

"ಕತ್ತೆ ಕಾರಿನ ಈಚೆ ಕಡೆ ನಿಂತಿದೆ ಅಂತಿದಾನೆ."

ಗುದ್ದಣ್ಣನ ಬಲಗೈ ಭುಜದವರೆಗೆ ಬಂತು. ಹೆಂಡತಿ ಕೆಮ್ಮಿದಳು. ಕೈ ಅಲ್ಲಿಂದ ದಾರಿ ಬದಲಿಸಿ ತಲೆ ಕೆರೆದುಕೊಂಡು ಕೆಳಗಿಳಿಯಿತು.

"ಲೇ, ಸ್ವಲ್ಪ ಮೆತ್ತಗೆ ಮಾಡಿ ಹೇಳಬಾರದಾ, ಅವನ ಮಾತನ್ನ?"

"ನೀವು ಮೆತ್ತಗೆ ಹೇಳಿದ್ರಾ? ಬಂದದ್ದನ್ನ ಬಂದ ಹಾಗೆ ಕೊಟ್ಟೆ."

ಕೊನೆಗೆ ಮೂರು ಗುದ್ದೂ ಕಾಗದದಲ್ಲಿ ಸೇರಿದವು. ಗುದ್ದಣ್ಣ ಒಳಗೆ ಕೂತು ಬಟನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. "ಸತ್ತಿದೆ ಇದು!" ಎಂದು ಕಾಲೂರಿದ್ದೇ ತಡ, ಕಾರು ಬೆಕ್ಕಿನ ಹಾಗೆ ಮುಂದಕ್ಕೆ ನೆಗೆಯಿತು. ಕೌಂಟರಿನವನು ಪಕ್ಕದ ಗೋಡೆ ಹತ್ತಿದ. ಅಷ್ಟು ಎತ್ತರದ ಗೋಡೆಯನ್ನು ಬೂಟು ಹಾಕಿಕೊಂಡು ಹತ್ತಿದವನು ಆ ದೇಶದಲ್ಲೇ ಇನ್ನೊಬ್ಬನಿರಲಿಕ್ಕಿಲ್ಲ.

ಪೆಟ್ರೋಲಿನ ಕಾರಾದರೆ ಹೊಟ್ಟೆ ತುಂಬಿಸಲು ಐದು ನಿಮಿಷ. ಈ ಕಾರು ಹಳೇ ಕಾಲದ ಬೀಗರ ಹಾಗೆ, ಕೂತು, ಸಾವಕಾಶವಾಗಿ, ನಲವತ್ತು ನಿಮಿಷ ಉಣ್ಣುತ್ತದೆ. ಇನ್ನೂರ ಐವತ್ತು ಕಿಲೋಮೀಟರು ಆದ ಮೇಲೆ, ಮಧ್ಯಾಹ್ನದ ಸುಡು ಬಿಸಿಲಲ್ಲಿ, ರಸ್ತೆ ಬದಿಯ ಒಂದು ಬಯಲಿಗೆ ಬಂದರು. ನಾಲ್ಕು ಚಾರ್ಜಿಂಗ್ ಕಂಬಗಳಿದ್ದವು. ಮೂರು ಕೆಟ್ಟಿದ್ದವು. ಕಾರಿನಲ್ಲಿ ಉಳಿದದ್ದು ನೂರಕ್ಕೆ ನಾಲ್ಕು ಪಾಲು. ಮುಂದಿನ ಕಂಬ ತೊಂಬತ್ತು ಕಿಲೋಮೀಟರು ಆಚೆ. ಗುದ್ದಣ್ಣ ಕೆಡದ ಕಂಬದ ಕರೆಂಟಿನ ಬಳ್ಳಿಯನ್ನು ಕಾರಿಗೆ ಸಿಕ್ಕಿಸಿ, ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಂತ. ಹೆಂಡತಿ ಕಾರಿನ ನೆರಳಲ್ಲಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿದಳು.

ಹನ್ನೆರಡು ನಿಮಿಷವಾಗಿತ್ತು. ಸಾಮಾನು ಸಾಗಿಸುವ ಕರೆಂಟಿನ ವ್ಯಾನೊಂದು ಬಂದು ನಿಂತಿತು. ಇಳಿದವರು ಇಬ್ಬರು: ಒಬ್ಬ ಬಾಗಿಲಿನಷ್ಟು ಅಗಲ, ಇನ್ನೊಬ್ಬ ಬಾಗಿಲ ಚಿಲಕದಷ್ಟು ಸಣ್ಣ. ಸಣ್ಣವನು ನೇರವಾಗಿ ಬಂದು ಗುದ್ದಣ್ಣನ ಕಾರಿನ ಬಳ್ಳಿ ಕಿತ್ತು ತಮ್ಮ ವ್ಯಾನಿನ ಕಡೆ ಎಳೆದ. ಗುದ್ದಣ್ಣ ಬಳ್ಳಿಯ ಇನ್ನೊಂದು ಕಡೆ ಹಿಡಿದ.

"ಕೇಳು ಅವನನ್ನ, ಇದು ಅವನ ಅಪ್ಪನ ಮನೆ ಹಗ್ಗವಾ ಅಂತ."

ಹೆಂಡತಿ ಕೇಳಿದಳು. ಉತ್ತರ ಬಂತು. ಅವಳ ಬಾಯಿ ಒಂದು ಕ್ಷಣ ತಡೆಯಿತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ.

"ಮುದಿ ಎತ್ತು, ನಿನ್ನ ಹೆಂಗಸಿನ ಜೊತೆ ನಿನ್ನನ್ನೂ ಈ ಕಂಬಕ್ಕೆ ಕಟ್ತೀನಿ ಅಂದ."

"ಕಟ್ಟು ನೋಡೋಣ ಅನ್ನು. ನಿನ್ನಂಥ ಹದಿನಾಲ್ಕು ಜನರನ್ನ ಹಲ್ಲುಕಡ್ಡಿಗೆ ಬಳಸಿದೀನಿ ಅನ್ನು."

ಅದನ್ನೂ ಅವಳು ಮುಟ್ಟಿಸಿದಳು, ಲೆಕ್ಕ ತಪ್ಪದೆ, ಹದಿನಾಲ್ಕು ಎಂದೇ.

ಮೊದಲ ಏಟು ಅಗಲದವನದು. ಹುಬ್ಬಿನ ಮೇಲೆ ಬಿತ್ತು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ಕೈ!" ಎಂದು ಹೆಂಡತಿ ಕೂಗಿದಳು, ಕೆಮ್ಮುವಷ್ಟು ಪುರುಸೊತ್ತಿರಲಿಲ್ಲ. ಗುದ್ದಣ್ಣ ಎರಡೂ ಕೈಯಲ್ಲಿ ಬಳ್ಳಿಯನ್ನು ಹಿಡಿದು ಎದೆಗೆ ಒತ್ತಿಕೊಂಡ, ಅದನ್ನು ಬಿಟ್ಟರೆ ಕೈ ತನ್ನ ಮಾತು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎರಡನೆಯದು ಹೊಟ್ಟೆಗೆ. ಮೂರನೆಯದು ಬಾಯಿಗೆ, ಕೆಳಗಿನ ಒಂದು ಹಲ್ಲು ನಾಲಿಗೆಯ ಮೇಲೆ ಉರುಳಿತು, ಇನ್ನೊಂದು ಅಲ್ಲಾಡುತ್ತಾ ನಿಂತಿತು. ಸಣ್ಣವನು ಹಿಂದಿನಿಂದ ಮೊಣಕಾಲಿಗೆ ಒದ್ದ. ಗುದ್ದಣ್ಣ ಮಂಡಿಯೂರಿದ. ಪಕ್ಕೆಗೆ ಬೂಟು ಬಿತ್ತು, ಒಳಗೆ ಏನೋ ಒಣಕಡ್ಡಿಯಂತೆ ಮುರಿಯಿತು. ತನ್ನ ಜೀವಮಾನದಲ್ಲಿ ಕೊಟ್ಟದ್ದೆಲ್ಲ ಒಂದೇ ಮಧ್ಯಾಹ್ನ ವಾಪಸು ಬರುತ್ತಿದೆ ಎಂದು ಅವನಿಗೆ ಅನ್ನಿಸಿತು. 'ಅಕ್ಕ' ಎಂದುಕೊಂಡ. ಕೈ ಎತ್ತಲಿಲ್ಲ.

ಅಗಲದವನು ಸಿಟ್ಟಿಗೆ ಕಾರಿನ ಬಾಗಿಲಿಗೊಂದು ಒದ್ದ. ಬೆನ್ನು ಆ ಕಡೆಗಿದ್ದರೂ ಸದ್ದಿನಲ್ಲೇ ಗುದ್ದಣ್ಣನಿಗೆ ತಿಳಿಯಿತು: ಎಡಗಡೆ ಮುಂದಿನ ಬಾಗಿಲು, ಮೊದಲಿದ್ದ ಗುದ್ದಿನ ಪಕ್ಕದಲ್ಲೇ, ಒಂದು ಗೇಣು ಅಗಲ, ಒಂದು ಅಂಗುಲ ಆಳ, ಬಣ್ಣ ಒಡೆದಿಲ್ಲ. ಅದನ್ನೂ ನುಂಗಿಕೊಂಡ.

ಹೆಂಡತಿ ಫೋನು ತೆಗೆದು ಯಾರನ್ನೋ ಕರೆಯಲು ಹೋದಳು. ಸಣ್ಣವನು ಅವಳ ಮಣಿಕಟ್ಟು ತಿರುಚಿದ. ಅವಳು ಚೀರಿ ನೆಲಕ್ಕೆ ಬಿದ್ದಳು.

ಅಲ್ಲಿಗೆ ಗುದ್ದಣ್ಣ ಎದ್ದ. ಕೈಗಳು ಬಳ್ಳಿಯನ್ನು ಬಿಡಲಿಲ್ಲ. ಬಳ್ಳಿಯ ಸಮೇತ ನಾಲ್ಕು ಹೆಜ್ಜೆ ಓಡಿ ಸಣ್ಣವನ ಮುಖಕ್ಕೆ ತಲೆಯಿಂದ ಗುದ್ದಿದ.

ಮೂಗು ಮುರಿದ ಸದ್ದು ಹೊರಗಿನವರಿಗೆ ಹೇಗೆ ಕೇಳಿತೋ, ಗುದ್ದಣ್ಣನಿಗೆ ತನ್ನ ಬುರುಡೆಯ ಒಳಗೇ ಕೇಳಿತು. ತಿರುಗಿ ಅಗಲದವನ ಎದೆಗೆ ಹಾಯ್ದ. ಅವನು ಬೆನ್ನ ಹಿಂದಿದ್ದ ಕಂಬಕ್ಕೆ ಬಡಿದು ಭುಜದ ಕೀಲು ತಪ್ಪಿ, ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ಸ್ವರ ಹೊರಡಿಸುತ್ತಾ ಕುಸಿದ. ಗುದ್ದಣ್ಣ ಮತ್ತೆ ಸಣ್ಣವನ ಕಡೆ ಬಂದ. ಅವನು ಅಂಗಾತ ಬಿದ್ದಿದ್ದ. ಮೂರನೆಯದಕ್ಕೆ ತಲೆ ಬಗ್ಗಿಸಿದಾಗ ಇಬ್ಬರ ಮುಖದ ನಡುವೆ ಒಂದು ಗೇಣೂ ಇರಲಿಲ್ಲ.

ಕೈಯಲ್ಲಿ ಹೊಡೆದರೆ ಹೊಡೆಸಿಕೊಂಡವನು ಒಂದು ಮೊಳ ದೂರದಲ್ಲಿರುತ್ತಾನೆ. ಕೊಡತಿಯಾದರೆ ಎರಡು ಮೊಳ. ತಲೆಯಲ್ಲಿ ಹೊಡೆಯುವವನಿಗೆ ಆ ಅನುಕೂಲವಿಲ್ಲ. ಸಣ್ಣವನ ಕಣ್ಣು ಅವನ ಕಣ್ಣೊಳಗೇ ಇತ್ತು. ಮೂಗು ಎರಡು ಕಡೆ ಬಾಗಿತ್ತು. ಅಂಗೈ ಇಡದೆಯೇ ಗುದ್ದಣ್ಣನಿಗೆ ಅದರ ಅಳತೆ ಸಿಕ್ಕಿತು. ಎರಡು ಕಡೆ ಎಂಬುದು ಮನಸ್ಸಿನಲ್ಲಿ ಎಲ್ಲೋ ಹೋಗಿ ತಟ್ಟಿತು.

ನೆಲದ ಮೇಲಿಂದ ಹೆಂಡತಿ ಕೆಮ್ಮಿದಳು.

ಅವನು ತಲೆ ಎತ್ತಿದ. ಪಕ್ಕಕ್ಕೆ ಹೋಗಿ ವಾಂತಿ ಮಾಡಿದ. ಅಗಲದವನು ಒಂದೇ ಕೈಯಲ್ಲಿ ಸಣ್ಣವನನ್ನು ಎಬ್ಬಿಸಿ ವ್ಯಾನಿಗೆ ತುಂಬಿಕೊಂಡು ಹೋದ. ಗುದ್ದಣ್ಣ ಬಳ್ಳಿಯನ್ನು ಮತ್ತೆ ಕಾರಿಗೆ ಸಿಕ್ಕಿಸಿದ. ಕಾರು ಏನೂ ಆಗದ ಹಾಗೆ ಉಳಿದ ಇಪ್ಪತ್ತೆಂಟು ನಿಮಿಷದ ಊಟ ಮುಂದುವರಿಸಿತು.

ಆಮೇಲಿನ ನೂರು ಕಿಲೋಮೀಟರು ಇಬ್ಬರೂ ಮಾತಾಡಲಿಲ್ಲ. ಎಂಜಿನ್ ಇದ್ದ ಕಾರಾದರೆ ಅದಾದರೂ ಏನಾದರೂ ಗೊಣಗುತ್ತಿತ್ತು. ಬೆಟ್ಟ ಹತ್ತುವಾಗ ಗುದ್ದಣ್ಣ ಕೇಳಿದ: "ಅಕ್ಕ ಕೇಳಿದ್ರೆ ಏನಂತೀಯ?"

"ಕೈ ಮಾಡಿದ್ರಾ ಅಂತ ಕೇಳ್ತಾರೆ. ಇಲ್ಲ ಅಂತೀನಿ. ನೀವು ಕೈ ಮಾಡಿಲ್ಲ."

"ತಲೆ?"

"ತಲೆ ಅಂತ ಅವರು ಕೇಳಲ್ಲ." ಅವಳು ಊದಿದ ಮಣಿಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ನಾನು ಆ ಮಾತನ್ನ ಹಾಗೇ ದಾಟಿಸಬಾರದಿತ್ತು. ಲೈನ್ ಕೆಟ್ಟಿದೆ, ಕೇಳಿಸ್ತಿಲ್ಲ ಅಂತ ಒಂದು ಸಲ ಹೇಳಿದ್ರೆ ಆಗ್ತಿತ್ತು."

ಅಕ್ಕನ ಮನೆ ಗಡಿಯಾರದಂಗಡಿಯ ಹಿಂಭಾಗದಲ್ಲಿ, ಕಲ್ಲು ಹಾಸಿದ ಇಕ್ಕಟ್ಟು ಓಣಿಯಲ್ಲಿ. ಕಾರು ಸದ್ದಿಲ್ಲದೆ ಬಂದು ನಿಂತದ್ದರಿಂದ ಯಾರಿಗೂ ಗೊತ್ತಾಗಲಿಲ್ಲ; ಬಾಗಿಲು ತಟ್ಟಬೇಕಾಯಿತು. ಅದಕ್ಕೂ ಕೈ ಎತ್ತಲು ಗುದ್ದಣ್ಣ ಹೆದರಿದ, ಹೆಂಡತಿಯೇ ತಟ್ಟಿದಳು.

ಅಕ್ಕ ಬಾಗಿಲು ತೆಗೆದಳು. ಕೂದಲು ಪೂರ್ತಿ ಬಿಳಿಯಾಗಿತ್ತು. ತಮ್ಮನ ಮುಖ ಎಂಬ ಆ ಕುಂಬಳಕಾಯಿಯನ್ನು ಒಂದು ಸಲ ನೋಡಿ, ನಾದಿನಿಯ ಕಡೆ ತಿರುಗಿದಳು.

"ಹೇಳಮ್ಮ. ಕೈ ಮಾಡಿದ್ನಾ?"

"ಇಲ್ಲ."

"ಯಾರ ಮೇಲೂ?"

"ಯಾರ ಮೇಲೂ ಕೈ ಮಾಡಿಲ್ಲ, ಅತ್ತಿಗೆ."

ಅಕ್ಕನ ಮುಖ ಸಡಿಲವಾಯಿತು. ಬಾಗಿಲು ಇನ್ನೊಂದು ಗೇಣು ತೆರೆಯಿತು. ಒಳಗಿನಿಂದ ಹತ್ತಾರು ಗಡಿಯಾರಗಳ ಟಿಕ್‌ಟಿಕ್ ಕೇಳಿತು. ಗುದ್ದಣ್ಣ ಒಂದು ಕಾಲು ಎತ್ತಿದ. ಎತ್ತಿದ ಕಾಲನ್ನು ಮತ್ತೆ ಹೊರಗೇ ಇಟ್ಟ.

"ತಲೆ ಮಾಡಿದೆ ಅಕ್ಕ," ಅಂದ.

"ಏನು?"

"ತಲೆಯಲ್ಲಿ ಹೊಡೆದೆ. ಒಬ್ಬನ ಮೂಗು. ಎರಡು ಕಡೆ ಮುರೀತು. ಇನ್ನೊಬ್ಬನ ಭುಜ. ಇವಳು ಸುಳ್ಳು ಹೇಳಿಲ್ಲ. ನೀನು ಕೇಳಿದ್ದಕ್ಕೆ ಸರಿಯಾಗೇ ಹೇಳಿದಾಳೆ."

ಅಕ್ಕ ನಾದಿನಿಯ ನೋವಿಲ್ಲದ ಕೈ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಚಿಲಕ ಬಿದ್ದದ್ದು ಕೇಳಿಸಿತು. ಗುದ್ದಣ್ಣ ಕಾರಿಗೆ ಒರಗಿ ನಿಂತ, ನಿಲ್ಲಲಾಗದೆ ಕಲ್ಲುಹಾಸಿನ ಮೇಲೆ ಕೂತ.

ಬಹಳ ಹೊತ್ತಿನ ಮೇಲೆ ಅಂಗಡಿ ಕಡೆಯ ಬಾಗಿಲಿನಿಂದ ಭಾವ ಬಂದ. ಒಂದು ಕಣ್ಣಿಗೆ ಅದೇ ಭೂತಗನ್ನಡಿ. ಗುದ್ದಣ್ಣ ಎದ್ದು ನಿಂತ. ಭಾವ ಅವನ ಮುಖವನ್ನು ಎಡದಿಂದ ಬಲಕ್ಕೆ ಪರೀಕ್ಷೆ ಮಾಡಿದ, ಹೊಡೆಯಲು ಖಾಲಿ ಜಾಗ ಹುಡುಕುವವನಂತೆ. ಆಮೇಲೆ ಎಡಗೈ ಬೀಸಿ ಕೆನ್ನೆಗೆ ಬಿಟ್ಟ. ಓಣಿಯ ಪಾರಿವಾಳಗಳೆಲ್ಲ ಎದ್ದು ಮುಂದಿನ ಊರಿಗೆ ಹೋಗಿ ಇಳಿದವು. ಅಲ್ಲಾಡುತ್ತಿದ್ದ ಹಲ್ಲು ಕಲ್ಲಿನ ಮೇಲೆ ಬಿದ್ದು ಟಣ್ ಅಂತು.

ಗುದ್ದಣ್ಣನ ಎರಡೂ ಕೈ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

"ಹನ್ನೊಂದು ವರ್ಷ ಎಡಗೈ ಪಳಗಿಸಿದೀನಿ," ಅಂದ ಭಾವ, ಏದುಸಿರು ಬಿಡುತ್ತಾ. "ಬಾ ಅಂತ ಕರೆದದ್ದು ಇದಕ್ಕೇ. ಹೆಂಗಿತ್ತು?"

"ಚೆನ್ನಾಗಿತ್ತು ಭಾವ. ಸ್ವಲ್ಪ ಕೆಳಗೆ ಬಿತ್ತು."

"ಎತ್ತರ ಸರಿಮಾಡ್ಕೋತೀನಿ ಬಿಡು." ಭಾವ ಭೂತಗನ್ನಡಿಯನ್ನು ಕಾರಿನ ಬಾಗಿಲಿಗೆ ತಿರುಗಿಸಿದ. "ಇದ್ಯಾರು ಮಾಡಿದ್ದು? ಬಾಡಿಗೆ ಗಾಡಿಯಲ್ವಾ? ತೆಗೆಯಲ್ವಾ ಇದನ್ನ?"

"ಒಬ್ಬನ ಕೈಯಲ್ಲಿ ಆಗಲ್ಲ. ಒಳಗಿಂದ ಯಾರಾದ್ರೂ ಕಬ್ಬಿಣ ಒತ್ತಿ ಹಿಡೀಬೇಕು. ಬಾಗಿಲ ಸಂದು ಸೊಟ್ಟ, ಕೈ ತೂರಲ್ಲ."

ಭಾವ ಒಳಗೆ ಹೋಗಿ ಸಣ್ಣ ತಿರುಪುಳಿ ತಂದ. ಎಡಗೈಯಲ್ಲೇ ಬಾಗಿಲ ಒಳ ಹಲಗೆಯ ತಿರುಪುಗಳನ್ನೆಲ್ಲ ಬಿಚ್ಚಿದ, ಒಂದನ್ನೂ ಕೆಳಗೆ ಬೀಳಿಸದೆ. ಗುದ್ದಣ್ಣ ಸೂಟ್‌ಕೇಸಿನಿಂದ ಹೆಂಡತಿಯ ಶಾಲಿನಲ್ಲಿ ಸುತ್ತಿದ್ದ, ಎಲ್ಲಿಗೆ ಹೋದರೂ ಬಿಟ್ಟು ಹೋಗದ ಕಸುಬಿನ ಸಾಮಾನಿನ ಗಂಟನ್ನು ತೆಗೆದ. ಕಬ್ಬಿಣದ ತುಂಡು ಹೊರಬಂತು, ಅದರ ಜೊತೆ ಕೊಡತಿಯೂ. ಅದೇ ಕೊಡತಿ. ಭಾವ ಅದನ್ನು ನೋಡಿದ. ಗುದ್ದಣ್ಣ ಅದನ್ನು ಬಚ್ಚಿಡಲು ಹೋದ.

"ಇರಲಿ. ಗುರುತಿದೆ ನಮಗೆ," ಅಂದ ಭಾವ. ಶರ್ಟಿನ ಬಲತೋಳು ಮಡಚಿದ. ಮೊಣಕೈಯ ಕೆಳಗೆ ಕೈ ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ ತಿರುಗಿತ್ತು. ಕಬ್ಬಿಣದ ತುಂಡು ಹಿಡಿದು ಆ ಕೈಯನ್ನು ಬಾಗಿಲ ಸಂದಿಗೆ ಇಳಿಸಿದ. ಕೈ ಆ ಸಂದಿನ ತಿರುವಿನಲ್ಲೇ ತಿರುಗಿ, ಬೀಗಕ್ಕೆ ಬೀಗದ ಕೈ ಹೋದಂತೆ ಹೋಯಿತು.

"ನೋಡು, ನೆಟ್ಟಗಿದ್ದಿದ್ರೆ ಹೋಗ್ತಿರಲಿಲ್ಲ. ನೀನು ಅಳತೆ ಕೊಟ್ಟು ಮುರಿದಿದ್ದೀಯ."

ಗುದ್ದಣ್ಣ ನಗಲಿಲ್ಲ. ಕಣ್ಣು ಮುಚ್ಚಿ, ಸಂದಿನ ಬಾಯಲ್ಲಿ ಕಾಣುತ್ತಿದ್ದ ಆ ಕೈಯ ಮೇಲೆ ತನ್ನ ಅಂಗೈ ಇಟ್ಟು ಜಾರಿಸಿದ. ಮೊದಲ ಉಬ್ಬಿನಲ್ಲಿ ಅಂಗೈ ನಿಂತಿತು. ಎರಡನೆಯದರಲ್ಲಿ ಬಹಳ ಹೊತ್ತು ನಿಂತಿತು.

"ಇದು ತೆಗೆಯಕ್ಕಾಗಲ್ಲ ಭಾವ."

"ಗೊತ್ತು. ಬಾಗಿಲಿಂದು ತೆಗಿ."

ಹೊರಗಿನಿಂದ ಗುದ್ದಣ್ಣ ಕೊಡತಿ ಎತ್ತಿದ. ತಗಡಿನ ಆಚೆ, ಕೂದಲೆಳೆಯಷ್ಟು ದೂರದಲ್ಲಿ, ಭಾವನ ಬೆರಳುಗಳಿದ್ದವು. ಎತ್ತಿದ ಕೊಡತಿ ಇಳಿಯಲಿಲ್ಲ. 

"ಹೊಡಿಯೋ!" ಎಂದು ಭಾವ ಗದರಿದ. "ಹೊಡಿಯೋದು ನಿಂಗೆ ಹೇಳಿಕೊಡಬೇಕಾ?"

ಹೊಡೆದ. ಹಗುರವಾಗಿ, ಒಂದರ ಪಕ್ಕ ಒಂದು. ಪ್ರತಿ ಏಟೂ ತಗಡಿನ ಮೂಲಕ ಕಬ್ಬಿಣಕ್ಕೆ, ಕಬ್ಬಿಣದಿಂದ ಆ ಸೊಟ್ಟ ಮೂಳೆಗೆ ಹೋಗುತ್ತಿತ್ತು. ಭಾವ ಹಲ್ಲು ಕಚ್ಚಿ ಹಿಡಿದಿದ್ದ, ಕೈ ತೆಗೆಯಲಿಲ್ಲ. ಪ್ರತಿ ಏಟಿಗೂ ಗುದ್ದಣ್ಣನ ಮುರಿದ ಪಕ್ಕೆ ಚುಚ್ಚುತ್ತಿತ್ತು. ಕಿಟಕಿಯ ಪರದೆ ಒಮ್ಮೆ ಸರಿಯಿತು, ಮತ್ತೆ ಮುಚ್ಚಿತು. ಕಾರಿನ ಮೈಮೇಲಿನ ಕುಳಿ ಒಂದು ಗೇಣಿದ್ದದ್ದು ಅಂಗೈಯಷ್ಟಾಯಿತು, ಅಂಗೈಯಷ್ಟಿದ್ದದ್ದು ಉಗುರಿನಷ್ಟಾಯಿತು. ಹತ್ತಿರದಲ್ಲೇ ಇದ್ದ ಹಳೇ ಗುದ್ದನ್ನೂ, ಬೇರೆ ಯಾವನೋ ಒದ್ದು ಇನ್ಯಾವನೋ ಮುಚ್ಚಿದ್ದನ್ನು, ಗುದ್ದಣ್ಣ ಬಿಡಲಿಲ್ಲ.

ಕೊನೆಯ ಏಟು ಮುಗಿದು ಅವನು ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಜಾರಿಸುತ್ತಿದ್ದಾಗ ಹಿಂದಿನಿಂದ ಚಿಲಕ ತೆಗೆದ ಸದ್ದು ಬಂತು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ, ಮಣಿಕಟ್ಟಿಗೆ ಬಟ್ಟೆ ಸುತ್ತಿಸಿಕೊಂಡ ಹೆಂಡತಿ. ಅಕ್ಕ ಗಂಡನ ಕೈಯನ್ನು ಬಾಗಿಲ ಸಂದಿನಿಂದ ಮೆಲ್ಲಗೆ ಹೊರಗೆಳೆದು, ಬೆರಳು ಐದೂ ಇವೆಯಾ ಎಂದು ಎಣಿಸಿದಳು. ಆಮೇಲೆ ತಮ್ಮನನ್ನು ನೋಡದೆ, ಕಾರನ್ನೇ ನೋಡುತ್ತಾ ಹೇಳಿದಳು:

"ಇವತ್ತಿನ ಬಡಿಯೋದು ಮುಗೀತಲ್ವಾ? ಕೈ ತೊಳ್ಕೊಂಡು ಒಳಗೆ ಬಾ." ಎರಡು ಹೆಜ್ಜೆ ಒಳಗೆ ಹೋಗಿ ಮತ್ತೆ ತಿರುಗಿದಳು. "ತಲೇನೂ ತೊಳ್ಕೋ."